ಕ್ಯಾಂಪರ್ ವ್ಯಾನಿನ ಬಾಗಿಲು, ಕಿಟಕಿಗಳ ಭದ್ರತೆ: ನನ್ನ ಅನುಭವ

ಫೋರ್ಸ್ ಟ್ರಾವೆಲರ್ ವಾಹನವನ್ನು, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಕ್ಯಾಂಪರ್ ವ್ಯಾನ್ ಆಗಿ ಮಾರ್ಪಡಿಸಿಕೊಂಡ ಮೇಲೆ ಅದರ ಬಾಗಿಲು, ಕಿಟಕಿಗಳ ಭದ್ರತೆಯ ಕೆಲಸವನ್ನು ಸ್ವಲ್ಪ ನಾನೇ ಕೈಯಾರೆ ಮಾಡಿದೆ, ಉಳಿದದ್ದನ್ನು ವೆಲ್ಡಿಂಗ್ ಕೆಲಸಗಾರರ ಬಳಿ ನಿಂತು ಮಾಡಿಸಿದೆ. ಪ್ರಯಾಣಿಕರಿಗಾಗಿ ರೂಪಿಸಿದ ವಾಹನದಲ್ಲಿ ಚಾಲಕ ಸದಾ ಹತ್ತಿರದಲ್ಲೇ ಇರುತ್ತಾನೆ. ಹಾಗಾಗಿ ಅದರ ಚಿಲಕಗಳು ಸಾಧಾರಣವಾದರೂ ನಡೆಯುತ್ತದೆ. ಕ್ಯಾಂಪರ್ ವ್ಯಾನಾದರೋ ಹಗಲಿಡೀ ಬೆಟ್ಟದ ಬುಡದಲ್ಲಿ ಒಂಟಿಯಾಗಿ ನಿಂತಿರುತ್ತದೆ, ರಾತ್ರಿ ಅದರೊಳಗೆ ಮನೆಮಂದಿಯೆಲ್ಲ ಮಲಗಿರುತ್ತಾರೆ. ಈ ಎರಡು ಸ್ಥಿತಿಗಳಿಗೂ ಒಂದೇ ಬೀಗ ಹೊಂದುವುದಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಂಡೇ ನಾನು ಕೆಲಸ ಆರಂಭಿಸಿದೆ.

2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸೊಂದು ಆಗಿನ ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಹೊತ್ತಿ ಉರಿದು 45 ಮಂದಿ ಸತ್ತರು. ಉರಿಯುವ ವಾಹನದಿಂದ ಹೊರಬರಲು ಸಿಗುವ ಸಮಯ ಎಷ್ಟು ಕಡಿಮೆ ಎಂಬುದು ಅಂಥ ದುರಂತಗಳಿಂದ ನಮ್ಮ ಕಡೆಯವರಿಗೆಲ್ಲ ಗೊತ್ತಿದೆ. ಗ್ಯಾಸ್ ಒಲೆ, ಬ್ಯಾಟರಿ, ಹಾಸಿಗೆ, ಮರದ ಕಪಾಟು ಇವೆಲ್ಲ ಒಂದೇ ಕೋಣೆಯಲ್ಲಿರುವ ವ್ಯಾನಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಜನ ಮಲಗಿರುವಾಗ ಹಾಕುವ ಯಾವ ಚಿಲಕವಾದರೂ ಕತ್ತಲಲ್ಲಿ, ಒಂದೇ ಕೈಯಿಂದ, ಕೀಲಿಯಿಲ್ಲದೆ ಒಳಗಿನಿಂದ ತೆರೆಯಬೇಕು ಎಂದು ನಿಯಮ ಮಾಡಿಕೊಂಡೆ. ಮನೆಯ ಮಕ್ಕಳಿಂದ ಕಣ್ಣು ಮುಚ್ಚಿಸಿ ತೆರೆಸಿ ನೋಡಿದ ಮೇಲೆಯೇ ಪ್ರತಿಯೊಂದನ್ನೂ ಒಪ್ಪಿಕೊಂಡಿದ್ದೇನೆ.

ಮೊದಲು ಹಿಂಬಾಗಿಲು. ಕೀಲುಗಳು ಹೊರಗೆ ಕಾಣುವ ಬಾಗಿಲಿಗೆ ಎಷ್ಟು ಗಟ್ಟಿ ಬೀಗ ಹಾಕಿದರೂ ಕೀಲಿನ ಪಿನ್ನನ್ನು ತಟ್ಟಿ ತೆಗೆದರೆ ಕದವೇ ಕಳಚಿ ಬರುತ್ತದೆ. ಇದಕ್ಕೆ ಪರಿಹಾರ ಸುಲಭ. ಕದದ ಕೀಲಿನ ಬದಿಯ ಅಂಚಿನಲ್ಲಿ ಮೇಲೊಂದು, ಕೆಳಗೊಂದು ಉಕ್ಕಿನ ಗೂಟವನ್ನು ಕೂರಿಸಿ, ಬಾಗಿಲು ಮುಚ್ಚಿದಾಗ ಅವು ಚೌಕಟ್ಟಿನ ರಂಧ್ರಗಳೊಳಗೆ ಹೊಕ್ಕುವಂತೆ ಮಾಡಿಸಿದೆ. ಪಿನ್ ತೆಗೆದರೂ ಗೂಟಗಳು ಕದವನ್ನು ಹಿಡಿದಿರುತ್ತವೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಪ್ರಯೋಜನ ಕೊಡುವ ಇನ್ನೊಂದು ಕೆಲಸ ಇಡೀ ವಾಹನದಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ. ಹಿಂಬಾಗಿಲಿನ ಹೊರಗೆ, ಕೊಂಡಿ ಬೀಗದ ಒಡಲೊಳಗೇ ಅಡಗಿರುವ ದುಂಡನೆಯ ಬೀಗವನ್ನು ಹಾಕುತ್ತೇನೆ; ಕಟರ್ ಅಥವಾ ಸಲಾಕೆ ತೂರಿಸಲು ಅದರಲ್ಲಿ ಸಂದಿಯೇ ಇಲ್ಲ. ವಾಹನದೊಳಗೆ ಯಾರೂ ಇಲ್ಲದಿರುವಾಗ ಮಾತ್ರ ಈ ಬೀಗ ಬಳಕೆಯಾಗುತ್ತದೆ. ರಾತ್ರಿ ಅದು ಡ್ಯಾಶ್‌ಬೋರ್ಡಿನ ಮೇಲಿರುತ್ತದೆ.

ವಾಹನದ ತಗಡು ತೀರ ತೆಳುವಾದದ್ದು. ಅದರ ಮೇಲೆ ಬೀಗದ ಪಟ್ಟಿಯನ್ನು ಸ್ಕ್ರೂ ಅಥವಾ ರಿವೆಟ್ಟಿನಿಂದ ಕೂರಿಸಿದರೆ ಸಲಾಕೆ ಹಾಕಿ ಮೀಟಿದಾಗ ತಗಡೇ ಹರಿದು ಬೀಗದ ಸಮೇತ ಕಿತ್ತು ಬರುತ್ತದೆ. ಅದಕ್ಕಾಗಿ ತಗಡಿನ ಒಳಮೈಗೆ 3 ಮಿ.ಮೀ. ದಪ್ಪದ ಉಕ್ಕಿನ ಫಲಕವನ್ನು ಅಂಗೈಗಿಂತ ಅಗಲವಾಗಿ ಕೊಟ್ಟು, ಹೊರಗಿನಿಂದ ಸ್ಪ್ಯಾನರ್‌ಗೆ ಹಿಡಿತ ಸಿಗದ ದುಂಡುತಲೆಯ ಕ್ಯಾರೇಜ್ ಬೋಲ್ಟುಗಳನ್ನು ತೂರಿಸಿ, ಒಳಗೆ ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್ಟುಗಳಿಂದ ಬಿಗಿದೆ. ಕೊರೆದ ಪ್ರತಿಯೊಂದು ರಂಧ್ರದ ಅಂಚಿಗೂ ಜಿಂಕ್ ಪ್ರೈಮರ್ ಹಚ್ಚುವುದನ್ನು ಬಿಡಬಾರದು. ಮಲೆನಾಡಿನ ಮಳೆಯಲ್ಲಿ ತುಕ್ಕು ಹಿಡಿಯಲು ಅಂಥ ಒಂದು ಬರಿಯ ಅಂಚು ಸಾಕು. ವೆಲ್ಡಿಂಗ್ ಮಾಡಿಸುವವರು ಮೊದಲು ಬ್ಯಾಟರಿಯ ತಂತಿಗಳನ್ನು ಬಿಚ್ಚಿಸಬೇಕು, ಇಲ್ಲವಾದರೆ ಎಂಜಿನ್ನಿನ ಎಲೆಕ್ಟ್ರಾನಿಕ್ ಘಟಕ ಮತ್ತು ಆಲ್ಟರ್ನೇಟರ್ ಹಾಳಾಗುವ ಸಂಭವವಿದೆ.

ಪಕ್ಕದ ಬಾಗಿಲಿನ ದೌರ್ಬಲ್ಯ ಬೇರೆಯದು. ಹಿಡಿಕೆಯಿಂದ ಚಿಲಕಕ್ಕೆ ಹೋಗುವ ಸಣ್ಣ ಸರಳು ಬಾಗಿಲಿನ ಟೊಳ್ಳಿನಲ್ಲಿ ಸಾಗುತ್ತದೆ. ಹಿಡಿಕೆಯ ಕೆಳಗಿನ ತಗಡನ್ನು ತಿವಿದು ತೂತು ಮಾಡಿದರೆ ಆ ಸರಳನ್ನು ಎಳೆಯಬಹುದು. ಒಳಗಿನ ಹೊದಿಕೆಯನ್ನು ಬಿಚ್ಚಿ, ಸರಳಿನ ಓಡಾಟಕ್ಕೆ ಅಡ್ಡಿಯಾಗದಂತೆ ಅದರ ಮುಂದೆ ಉಕ್ಕಿನ ಫಲಕವೊಂದನ್ನು ಕೂರಿಸಿದೆ. ಕಂಪನಿಯ ಚಿಲಕಕ್ಕೆ ಸಂಬಂಧವಿಲ್ಲದಂತೆ, ಬಾಗಿಲಿನ ಕೆಳಭಾಗದಲ್ಲಿ ಹೊರಗೆ ಕೀಲಿಯಿಂದಲೂ ಒಳಗೆ ತಿರುಗಿಸುವ ಗುಬುಟಿನಿಂದಲೂ ತೆರೆಯುವ ಅಗಳಿಯನ್ನು ಸೇರಿಸಿದೆ. ಬಾಗಿಲು ಬಡಿದೊಡನೆ ತಾನಾಗಿ ಬೀಳುವ ಬೀಗಗಳೂ ದೊರೆಯುತ್ತವೆ; ಸರಕು ಹಂಚುವವರಿಗೆ ಅವು ಅನುಕೂಲವಾದಾವು, ಆದರೆ ಕಾಡಿನ ಅಂಚಿನಲ್ಲಿ ಕೀಲಿಯನ್ನು ಒಳಗೆ ಬಿಟ್ಟು ಹೊರಗೆ ಸಿಕ್ಕಿಕೊಳ್ಳುವ ಸಾಧ್ಯತೆಯಿರುವುದರಿಂದ ನಾನು ಅವನ್ನು ಆರಿಸಲಿಲ್ಲ.

ಹೆಚ್ಚು ಯೋಚಿಸಬೇಕಾಗಿ ಬಂದದ್ದು ಕಿಟಕಿಗಳ ವಿಷಯದಲ್ಲಿ. ಸರಿಯುವ ಗಾಜಿನ ಕಿಟಕಿಯಲ್ಲಿ ಪ್ಲಾಸ್ಟಿಕ್ ಕೊಕ್ಕೆಯ ಹೊರತು ಬೇರೇನೂ ತಡೆಯಿರುವುದಿಲ್ಲ. ಅದನ್ನು ಮುರಿಯದೆಯೇ, ಗಾಜನ್ನು ಮೇಲಕ್ಕೆತ್ತಿ ಅದು ಸರಿಯುವ ಕೆಳಗಿನ ತೋಡಿನಿಂದ ಹೊರಗೆ ಜಾರಿಸಿಬಿಡಬಹುದು. ಮೇಲಿನ ತೋಡಿನ ಸಂದಿಯಲ್ಲಿ ಗಾಜು ಸರಿಯಲು ಬೇಕಾದಷ್ಟೇ ಎಡೆ ಬಿಟ್ಟು ಅಲ್ಯೂಮಿನಿಯಂ ಪಟ್ಟಿ ಅಂಟಿಸಿದಾಗ ಎತ್ತುವ ಅವಕಾಶ ತಪ್ಪಿತು. ಕೆಳಗಿನ ತೋಡಿನಲ್ಲಿ ಗಾಜಿನ ಹಿಂದೆ ತೇಗದ ರೀಪನ್ನು ಅಡ್ಡ ಇಡುತ್ತೇನೆ. ಪ್ರತಿ ಕಿಟಕಿಗೂ ಎರಡು ಅಳತೆಯ ರೀಪುಗಳಿವೆ: ಒಂದು ಪೂರ್ತಿ ಮುಚ್ಚಲು, ಇನ್ನೊಂದು ರಾತ್ರಿ ಗಾಳಿಗಾಗಿ ಮೂರು ಬೆರಳಿನಷ್ಟು ತೆರೆದಿಡಲು. ಆಗುಂಬೆ, ಜೋಗ, ಬಿಳಿಗಿರಿರಂಗನ ಬೆಟ್ಟದಂಥ ಕಡೆ ಹಗಲಲ್ಲಿ ಒಳನುಗ್ಗುವ ಭಯ ಕಳ್ಳರಿಗಿಂತ ಮಂಗಗಳದ್ದೇ ಹೆಚ್ಚು. ಸಡಿಲವಾದ ಗಾಜನ್ನು ಅವು ಬಹು ಸುಲಭವಾಗಿ ಸರಿಸುತ್ತವೆ, ಈ ರೀಪಿನ ಮುಂದೆ ಮಾತ್ರ ಅವುಗಳ ಆಟ ನಡೆಯುವುದಿಲ್ಲ.

ಸರಳುಗಳ ಜಾಲರಿ ಹಾಕಿಸೆಂದು ಹಲವರು ಸಲಹೆ ಕೊಟ್ಟರು. ಮೇಲೆ ಹೇಳಿದ ನಿಯಮದ ಕಾರಣ ಎಲ್ಲ ಕಿಟಕಿಗಳಿಗೂ ಅದನ್ನು ಹಾಕಲು ನನಗೆ ಮನಸ್ಸಾಗಲಿಲ್ಲ. ಅಡುಗೆ ಕಟ್ಟೆಯ ಬದಿಯ ಕಿಟಕಿಗೆ ಮಾತ್ರ ಒಳಗಿನಿಂದ ಜಾಲರಿಯಿದೆ. ಅದೂ ಒಂದು ಬದಿಗೆ ಕೀಲಿನ ಮೇಲೆ ತಿರುಗಿ, ಇನ್ನೊಂದು ಬದಿಯ ಪಿನ್ ಎಳೆದರೆ ತೆರೆದುಕೊಳ್ಳುವಂಥದ್ದು. ಹಾಸಿಗೆಯ ಪಕ್ಕದ ದೊಡ್ಡ ಕಿಟಕಿಯನ್ನು ತುರ್ತು ನಿರ್ಗಮನಕ್ಕೆಂದು ಮೀಸಲಿಟ್ಟು, ಅದರ ಬಳಿಯೇ ಗಾಜು ಒಡೆಯುವ ಸುತ್ತಿಗೆಯನ್ನು ತೂಗುಹಾಕಿದ್ದೇನೆ. ಪಕ್ಕದ ಕಿಟಕಿಗಳಲ್ಲಿರುವ ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜು ಮೂಲೆಯಲ್ಲಿ ಮೊನೆಯಿಂದ ಹೊಡೆದರೆ ಸಣ್ಣ ಚೂರುಗಳಾಗಿ ಉದುರುತ್ತದೆ. ದಪ್ಪ ಪಾರದರ್ಶಕ ಫಿಲ್ಮ್ ಅಂಟಿಸಿದರೆ ಒಡೆದ ಚೂರುಗಳು ಒಟ್ಟಿಗೇ ಹಿಡಿದುಕೊಂಡು ಕಳ್ಳನಿಗೆ ತಡವಾಗುವುದು ನಿಜ, ಆದರೆ ಒಳಗಿರುವವರಿಗೂ ಅಷ್ಟೇ ತಡವಾಗುತ್ತದೆ. ಆ ಕಿಟಕಿಯನ್ನು ಬರಿದಾಗಿಯೇ ಬಿಟ್ಟಿದ್ದೇನೆ.

ಒಳಗಿರುವ ವಸ್ತುಗಳು ಕಾಣದಂತೆ ಕಪ್ಪು ಫಿಲ್ಮ್ ಅಂಟಿಸುವ ಯೋಚನೆ ಯಾರಿಗೂ ಬೇಡ. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದ ಗಾಜಿನಲ್ಲಿ ಕನಿಷ್ಠ ಶೇ 50 ಬೆಳಕು ಹಾಯಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳ ವಿಧಿ. ವಾಹನ ನಿಂತ ಮೇಲೆ ಕಿಟಕಿಯ ಅಳತೆಗೆ ಕತ್ತರಿಸಿದ ಫೋಮ್ ಹಲಗೆಗಳನ್ನು ಒಳಗಿನಿಂದ ಒತ್ತಿ ಕೂರಿಸುತ್ತೇನೆ. ಬಿಸಿಲಿನ ಕಾವೂ ಅದರಿಂದ ತಗ್ಗುತ್ತದೆ. ವಾಹನದ ಮೂಲ ರೂಪವನ್ನು ಬದಲಿಸುವುದಾದರೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ಗಮನಿಸಬೇಕು. ಮೋಟಾರು ಕ್ಯಾರವಾನ್‌ಗಳಿಗೆಂದೇ, ಅಂದರೆ ಇಂಥ ವಾಸದ ವಾಹನಗಳಿಗೆಂದೇ, ಎಐಎಸ್-124 ಎಂಬ ಮಾನದಂಡವೂ ಇದೆ.

ಮಾಡಿನ ಗಾಳಿಗಿಂಡಿಯನ್ನು ಹಲವರು ಮರೆಯುತ್ತಾರೆ. 40 ಸೆಂ.ಮೀ. ಚೌಕದ ತೆರಪಿನಲ್ಲಿ ತೆಳ್ಳಗಿನ ಮನುಷ್ಯ ಇಳಿಯಬಲ್ಲ. ಅದಕ್ಕೆ ಒಳಗಿನಿಂದ ಎರಡು ಚಿಲಕಗಳು ಸಾಕು. ನೆಲದ ಗ್ಯಾಸ್ ತೂತುಗಳ ಮೇಲೆ ಮಾತ್ರ ಯಾವ ಫಲಕವೂ ಬರಕೂಡದು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದ ಅನಿಲಕ್ಕೆ ಹೊರಹೋಗಲು ಇರುವ ದಾರಿ ಅದೊಂದೇ.

ಎಲ್ಲ ಬಾಗಿಲುಗಳಿಗೂ ಅಯಸ್ಕಾಂತದ ಸ್ವಿಚ್ಚುಗಳನ್ನು ಕೂರಿಸಿ 12 ವೋಲ್ಟ್ ಸೈರನ್ನಿಗೆ ಜೋಡಿಸಿದ್ದೇನೆ. ಗೋಕರ್ಣ, ಮುರುಡೇಶ್ವರದ ಕಡಲ ಗಾಳಿಗೆ ಈ ಸ್ವಿಚ್ಚುಗಳ ತಂತಿಯ ತುದಿಗಳು ಬೇಗ ಕಿಲುಬು ಹಿಡಿಯುವುದರಿಂದ, ಕರಾವಳಿಗೆ ಹೋಗಿ ಬಂದಾಗಲೆಲ್ಲ ಅವನ್ನು ಒರೆಸಿ, ಬೀಗಗಳ ಕೀಲಿಕಂಡಿಗೆ ಗ್ರಾಫೈಟ್ ಪುಡಿ ಊದುತ್ತೇನೆ. ಎಣ್ಣೆ ಬಿಟ್ಟರೆ ಧೂಳು ಅಂಟಿ ಕೀಲಿ ತಿರುಗುವುದೇ ಕಷ್ಟವಾಗುತ್ತದೆ.