ಸಲೂನ್ ಇಡುವ ಮುಂಚೆ: ಲೈಸೆನ್ಸ್, ಕೊಳಾಯಿ, ಎರಡು ಡಬ್ಬಿ

ಸಲೂನ್ ಇಡಬೇಕು ಅಂದುಕೊಂಡವರು ಮೊದಲು ಕುರ್ಚಿ, ಕನ್ನಡಿ ನೋಡೋಕೆ ಓಡ್ತಾರೆ. ಅದೆಲ್ಲ ಆಮೇಲೆ. ಮೊದಲು ಸ್ಥಳೀಯ ಆಡಳಿತದ ಕಚೇರಿಗೆ ಹೋಗಿ, ಆ ಜಾಗದಲ್ಲಿ ಸಲೂನ್ ನಡೆಸಬಹುದಾ ಅಂತ ಕೇಳಿ. ಅದೂ ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ. ಮುಂಗಡ ಕೊಟ್ಟು, ಬಣ್ಣ ಬಳಿದು, ಬೋರ್ಡ್ ಬರೆಸಿದ ಮೇಲೆ ಕೊಳಾಯಿ ಇಲ್ಲ, ಕೊಳಕು ನೀರು ಹೋಗೋಕೆ ದಾರಿ ಇಲ್ಲ ಅಂತ ಅರ್ಜಿ ವಾಪಸ್ ಬಂದರೆ ನಷ್ಟ ನಿಮ್ಮದೇ ಅಲ್ವಾ?

ನಿಯಮಗಳು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಲೈಸೆನ್ಸ್ ಅಂಗಡಿಗೆ ಮಾತ್ರವಾ, ಕೆಲಸ ಮಾಡುವವರಿಗೂ ಬೇಕಾ ಅಂತ ಮೊದಲೇ ತಿಳಿದುಕೊಳ್ಳಿ. ಕೆಲವು ದೇಶಗಳಲ್ಲಿ ಕತ್ತರಿ ಹಿಡಿಯುವ ಪ್ರತಿಯೊಬ್ಬರೂ ತರಬೇತಿ ಮುಗಿಸಿ, ಪರೀಕ್ಷೆ ಪಾಸಾಗಿ, ತಮ್ಮದೇ ಲೈಸೆನ್ಸ್ ಇಟ್ಟುಕೊಂಡಿರಬೇಕು. ಅರ್ಜಿ ಜೊತೆ ಗುರುತಿನ ದಾಖಲೆ, ಜಾಗದ ಪತ್ರ ಬೇಕಾಗುತ್ತದೆ. ಕೆಲವು ಕಡೆ ಒಳಗಿನ ನಕ್ಷೆಯನ್ನೂ ಕೇಳ್ತಾರೆ. ಅದರಲ್ಲಿ ಕೈ ತೊಳೆಯುವ ಸಿಂಕ್ ಎಲ್ಲಿದೆ ಅಂತ ತೋರಿಸೋದು ಮರೀಬೇಡಿ. ಲೈಸೆನ್ಸ್ ಬಂದ ಮೇಲೆ ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಿ. ನವೀಕರಣದ ತಾರೀಕನ್ನು ಫೋನಿನಲ್ಲಿ ಹಾಕಿಡಿ.

ನಿಜವಾದ ಕೆಲಸ ಇರುವುದು ಒಬ್ಬ ಗಿರಾಕಿ ಎದ್ದು ಇನ್ನೊಬ್ಬ ಕೂರುವ ನಡುವೆ.

ಪ್ರತಿ ಕುರ್ಚಿಗೂ ಎರಡು ಡಬ್ಬಿ ಇಡಿ. ಒಂದರಲ್ಲಿ ಬಳಸಿದ್ದು, ಇನ್ನೊಂದು ಮುಚ್ಚಳದ ಡಬ್ಬಿಯಲ್ಲಿ ಶುದ್ಧ ಮಾಡಿದ್ದು. ಬಳಸಿದ ಬಾಚಣಿಗೆಯನ್ನು ಸೀದಾ ರೋಗಾಣು ಕೊಲ್ಲುವ ಔಷಧಿ ನೀರಿಗೆ ಹಾಕಬೇಡಿ. ಮೊದಲು ಕೂದಲು ತೆಗೆದು, ಸೋಪು ನೀರಿನಲ್ಲಿ ಹಲ್ಲುಗಳ ಸಂದಿ ಉಜ್ಜಿ, ತೊಳೆದು, ನೀರು ಇಳಿಸಿ. ಜಿಡ್ಡು ಇದ್ದರೆ ಔಷಧಿ ಒಳಗೆ ಮುಟ್ಟುವುದೇ ಇಲ್ಲ. ಆಮೇಲೆ ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಪೂರ್ತಿ ಮುಳುಗಿಸಿಡಿ. ಬಹಳ ಸಲೂನುಗಳಲ್ಲಿ ಕಾಣುವ ಆ ನೀಲಿ ಬಾರ್ಬಿಸೈಡ್‌ಗೆ 10 ನಿಮಿಷ ಬೇಕು. ಸುಮ್ನೆ ಅದ್ದಿ ತೆಗೆದರೆ ಬಾಚಣಿಗೆ ನೀಲಿ ಆಗುತ್ತೆ, ಅಷ್ಟೇ. ಹಾಗಾಗಿ ಒಂದು ಕುರ್ಚಿಗೆ ಒಂದೇ ಸೆಟ್ ಸಾಲದು, ಕಡಿಮೆ ಅಂದರೂ ಮೂರು ಇಟ್ಟುಕೊಳ್ಳಿ. ನೀರು ಕಲಸಿದ ಔಷಧಿಯನ್ನು ದಿನಾ ಬದಲಾಯಿಸಿ. ಕಲಸಿದ ತಾರೀಕನ್ನು ಡಬ್ಬಿಯ ಮೇಲೆ ಬರೆದಿಟ್ಟರೆ, ತಪಾಸಣೆಗೆ ಬಂದವರು ಕೇಳಿದಾಗ ತಡವರಿಸುವುದು ತಪ್ಪುತ್ತದೆ.

ಟ್ರಿಮ್ಮರ್ ಮುಳುಗಿಸೋಕೆ ಆಗಲ್ಲ. ಪ್ಲಗ್ ತೆಗೆದು, ಬ್ರಷ್‌ನಿಂದ ಕೂದಲು ಉದುರಿಸಿ, ಬ್ಲೇಡಿನ ಭಾಗವನ್ನು ಶೇಕಡಾ 70ರ ಆಲ್ಕೋಹಾಲಿನಿಂದ ಒದ್ದೆ ಮಾಡಿ ತಾನಾಗೇ ಒಣಗಲು ಬಿಡಿ. 100ರದ್ದು ಜಾಸ್ತಿ ಒಳ್ಳೆಯದು ಅಂದುಕೊಳ್ಳಬೇಡಿ, ಅದು ಬೇಗ ಆರಿಹೋಗುತ್ತದೆ, ಕೆಲಸವೂ ಅಷ್ಟು ಆಗಲ್ಲ. ಇನ್ನು ಕತ್ತರಿ, ಬಾಚಣಿಗೆ ಇಡುವ ಆ ನೇರಳೆ ಬೆಳಕಿನ (ಯುವಿ) ಪೆಟ್ಟಿಗೆ. ನೋಡೋಕೆ ಚೆಂದ, ಆದರೆ ಬೆಳಕು ಬಿದ್ದ ಕಡೆ ಮಾತ್ರ ಅದರ ಕೆಲಸ. ಶುದ್ಧ ಮಾಡಿದ ಕತ್ತರಿ ಇಡೋಕೆ ಸರಿ, ಕೊಳಕು ಕತ್ತರಿಗೆ ಅದು ಸ್ನಾನ ಅಲ್ಲ.

ಬ್ಲೇಡ್ ಒಬ್ಬರಿಗೆ ಒಂದೇ, ಎರಡನೇ ಮಾತಿಲ್ಲ. ಗಿರಾಕಿ ಎದುರಿಗೇ ಹೊಸದನ್ನು ಬಿಚ್ಚಿ. ಹಳೆಯದು ಗಟ್ಟಿ ಡಬ್ಬಿಗೆ, ಕಸದ ಚೀಲಕ್ಕಲ್ಲ, ಕಸ ಎತ್ತುವವರ ಕೈಯೂ ಕೈಯೇ. ರಕ್ತದಿಂದ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೂ ಕನಿಷ್ಠ 7 ದಿನ ಬದುಕಿರುತ್ತದೆ, ಕಣ್ಣಿಗೆ ರಕ್ತ ಕಾಣದಿದ್ದರೂ ಸರಿ. ಅದಕ್ಕೆ ಲಸಿಕೆ ಇದೆ, ಕೆಲಸದವರೆಲ್ಲ ಹಾಕಿಸಿಕೊಳ್ಳಿ.

ಎಲ್ಲರೂ ಎಡವುವುದು ಪಟಿಕದ ಕಲ್ಲಿನಲ್ಲಿ. ಬ್ಲೇಡ್ ಬದಲಾಯಿಸ್ತಾರೆ, ಟವೆಲ್ ಬದಲಾಯಿಸ್ತಾರೆ, ಆದರೆ ಕೆನ್ನೆ ಗೀರಿದ ಕೂಡಲೇ ಬೆಳಗಿನಿಂದ ಹತ್ತು ಜನರ ಗಾಯಕ್ಕೆ ಉಜ್ಜಿದ ಅದೇ ಕಲ್ಲನ್ನು ಹನ್ನೊಂದನೆಯವರಿಗೂ ಉಜ್ಜುತ್ತಾರೆ! ಪುಡಿ ಇಟ್ಟುಕೊಂಡು ಪ್ರತಿ ಸಲ ಹೊಸ ಹತ್ತಿಯಲ್ಲಿ ಒತ್ತಿ, ಎಸೆಯಿರಿ. ರಕ್ತ ಬಂದರೆ ಗ್ಲೌಸ್ ಹಾಕಿ.

ಟವೆಲ್ ಒಬ್ಬರಿಗೊಂದು. ಮೈಗೆ ಹೊದಿಸುವ ಬಟ್ಟೆ ಕುತ್ತಿಗೆಗೆ ತಾಗದಂತೆ ನಡುವೆ ಕಾಗದದ ಪಟ್ಟಿ ಸುತ್ತಿ. ಹೇರ್ ಡೈಗೆ 48 ಗಂಟೆ ಮುಂಚೆ ಚರ್ಮದ ಮೇಲೆ ಸ್ವಲ್ಪ ಹಚ್ಚಿ, ಅಲರ್ಜಿ ಆಗುತ್ತಾ ಅಂತ ನೋಡಿ. ಬೇಸರ ಮಾಡಿಕೊಳ್ಳುವ ಗಿರಾಕಿಗೂ ಇದೇ ಮಾತು.

ತಲೆಯಲ್ಲಿ ಹುಳುಕಡ್ಡಿ, ಕೀವು ಕಂಡರೆ ಯಾರಿಗೂ ಕೇಳಿಸದ ಹಾಗೆ, ಮೊದಲು ಡಾಕ್ಟರಿಗೆ ತೋರಿಸಿಕೊಂಡು ಬನ್ನಿ ಅಂತ ಹೇಳಿ ಕಳಿಸಿ. ಅವರು ಹೋದ ಮೇಲೆ ಕುರ್ಚಿಯ ತಲೆ ಒರಗುವ ಜಾಗವನ್ನೂ ಒರೆಸಿ, ಮರೆತುಹೋಗುವುದು ಅದೇ.