ಅಗ್ಗದ ಸಿಲಿಕಾನ್ ಡಯೋಡಲ್ಲೇ ಆಲ್ಕೋಹಾಲ್ ಅಳೆದೆ

ವೈನಿನೊಳಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹಾಯಿಸಿ, ಎಷ್ಟು ಹೀರಿತು ಅನ್ನೋದರಿಂದ ಅದರ ಆಲ್ಕೋಹಾಲ್ (ಎಥನಾಲ್) ಅಳೆಯುವ ಸಾಧನ ಕಟ್ಟಹೊರಟಿದ್ದೆ. “ಸಾವಿರ ನ್ಯಾನೊಮೀಟರ್ ತರಂಗಾಂತರದ ಕೆಳಗೆ ಎಥನಾಲ್ ಸಿಗ್ನಲ್ ಇದ್ದೂ ಇಲ್ಲದ ಹಾಗೆ, ಸುಮ್ಮನೆ ದುಡ್ಡು ಕಳೀಬೇಡ” ಅಂದಿದ್ದರು ಗೆಳೆಯರು. ದುಡ್ಡು ಕಳೆದದ್ದು ನಿಜ, ಆದರೆ ಅವರ ಮಾತು ಕೇಳಿ! 1690ರ ಸುತ್ತ ಸಿಗ್ನಲ್ ಜೋರಾಗಿದೆ, ಸಿಲಿಕಾನ್ ಡಯೋಡಿಗೆ ಆ ಬೆಳಕು ಕಾಣದು ಅಂತ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಡಿಟೆಕ್ಟರ್ ತರಿಸಿದೆ. ಉಳಿದ ಸಾಮಾನೆಲ್ಲ ಸೇರಿದರೂ ಅದರ ಕಾಲುಭಾಗದ ಬೆಲೆಯಿಲ್ಲ. ಉಲ್ಟಾ ಕನೆಕ್ಷನ್ ಕೊಟ್ಟು ಮೂರನೇ ದಿನವೇ ಸುಟ್ಟೆ.

ಹಾಗಾಗಿ ಸಿಲಿಕಾನಿಗೇ ಮರಳಿದೆ. ಎಥನಾಲಿಗೆ 905, ನೀರಿಗೆ 970, ಹೋಲಿಕೆಯ ರೆಫರೆನ್ಸಿಗೆ 850ರ ಎಲ್‌ಇಡಿ; ಸಿಗ್ನಲನ್ನು ಅಂಕಿಯಾಗಿಸಲು 16 ಬಿಟ್ ಎಡಿಸಿ. 10 ಬಿಟ್‌ನಲ್ಲಿ ಒದ್ದಾಡಿ ಬಿಟ್ಟಿದ್ದೇನೆ, ನೀವು ಆ ದಾರಿ ಹಿಡಿಯಬೇಡಿ. ಮೂರನ್ನೂ ಯಾವ ಕ್ರಮದಲ್ಲಿ, ಎಷ್ಟು ಹೊತ್ತು ಮಿನುಗಿಸುತ್ತೇನೆ ಅನ್ನೋದು ನನ್ನಲ್ಲೇ ಇರಲಿ.

ಎರಡು ವಾರ ತಿಂದದ್ದು ಆಪ್ಟಿಕ್ಸ್ ಅಲ್ಲ, ರೀಡಿಂಗ್ ಹೊಂದಿಸಿಕೊಳ್ಳಲು ನಾನೇ ಬೆರೆಸಿದ ಸ್ಟ್ಯಾಂಡರ್ಡ್ ದ್ರಾವಣ. 50 ಮಿಲೀ ಶುದ್ಧ ಎಥನಾಲಿಗೆ 50 ಮಿಲೀ ನೀರು ಸುರಿದು ‘ಶೇ. 50’ ಅಂತ ಚೀಟಿ ಅಂಟಿಸಿದ್ದೆ. ಗ್ರಾಫ್ ಎಷ್ಟು ತಿದ್ದಿದರೂ ನೇರವಾಗಲಿಲ್ಲ. ಕೊನೆಗೆ ಅಳತೆ ಜಾಡಿಗೆ ಸುರಿದು ನೋಡಿದರೆ 96–97ಕ್ಕೇ ನಿಂತಿದೆ! ಬೆರೆಸಿದಾಗ ಕುಗ್ಗುತ್ತದೆ ಅಂತ ಓದಿದ್ದೆ, ಕೈಗೆ ಮಾತ್ರ ಮರೆತುಹೋಗಿತ್ತು. ಬಿಸಿಯೂ ಆಗಿ ಕ್ಯೂವೆಟ್ (ಬೆಳಕು ಹಾಯಿಸಲು ದ್ರಾವಣ ತುಂಬುವ ಪುಟ್ಟ ಪಾತ್ರೆ) ಗೋಡೆಗೆ ಸಣ್ಣ ಗುಳ್ಳೆ ಕೂರುತ್ತವೆ. ಬೆಳಕಿನ ದಾರಿಗೆ ಒಂದು ಬಂದರೂ ರೀಡಿಂಗ್ ಕೆಟ್ಟಿತು. ಈಗ ರಾತ್ರಿಯಿಡೀ ಇಟ್ಟು, 20 ಡಿಗ್ರಿಯಲ್ಲಿ ಗುರುತಿನವರೆಗೆ ನೀರು ತುಂಬುತ್ತೇನೆ.

ಆಕ್ರಿಲಿಕ್ ಕ್ಯೂವೆಟ್ ವಾರದಲ್ಲೇ ಕೂದಲೆಳೆಯಂಥ ಬಿರುಕು ಬಿಟ್ಟಿತು. ಗಾಜೇ ಸರಿ.

ಉಷ್ಣತೆಯ ಕಾಟ ಬೇರೆ. ಕ್ಯೂವೆಟನ್ನು ಮುಷ್ಟಿಯಲ್ಲಿ ಎರಡು ನಿಮಿಷ ಹಿಡಿದರೆ ಸಾಕು, 970ರ ರೀಡಿಂಗ್ ಕದಲುತ್ತದೆ, ಹೆಚ್ಚುಕಡಿಮೆ ಶೇ. 1ರಷ್ಟು ಸುಳ್ಳು ಹೇಳುತ್ತದೆ. ಅಲ್ಯೂಮಿನಿಯಂ ಬ್ಲಾಕಿನಲ್ಲಿ ಕೂರಿಸಿ, ಪಕ್ಕದಲ್ಲೇ ಥರ್ಮಾಮೀಟರ್ ತೂರಿಸಿದ ಮೇಲೆ ತಹಬದಿಗೆ ಬಂತು.

ನಡುವೆ ಬರೀ ರಿಫ್ರಾಕ್ಟೋಮೀಟರಿನಲ್ಲೇ ಮುಗಿಸೋಣ ಅಂತಲೂ ಹೊರಟಿದ್ದೆ. ಅದು ಅಳೆಯುವ ವಕ್ರೀಭವನಾಂಕ (ಬೆಳಕು ಎಷ್ಟು ಬಾಗುತ್ತದೆ ಅನ್ನೋ ಲೆಕ್ಕ) ಎಥನಾಲ್ ತೂಕದಲ್ಲಿ ಸುಮಾರು ಶೇ. 80 ಆಗುವವರೆಗೆ ಏರಿ ಮತ್ತೆ ಇಳಿಯುತ್ತದೆ, ಒಂದೇ ರೀಡಿಂಗಿಗೆ ಎರಡು ಉತ್ತರ. ಮೇಲಾಗಿ ಸಕ್ಕರೆಯೂ ಅದನ್ನು ಏರಿಸುತ್ತದೆ. ಆದರೆ ಆ ಉಪದ್ರವವೇ ಉಪಯೋಗಕ್ಕೆ ಬಂತು: ಸಕ್ಕರೆ ಬೆಳಕಿನ ಹೀರುವಿಕೆಯನ್ನು ಬದಲಿಸುವ ಪರಿ ಬೇರೆ, ವಕ್ರೀಭವನಾಂಕವನ್ನು ಬದಲಿಸುವ ಪರಿ ಬೇರೆ. ಎರಡೂ ರೀಡಿಂಗ್ ಜೋಡಿಸಿದೆ, ಸಿಹಿ ವೈನೂ ದಾರಿಗೆ ಬಂತು.

ಬಟ್ಟಿ ಇಳಿಸಿ ಪಿಕ್ನೋಮೀಟರಿನಲ್ಲಿ (ಸಾಂದ್ರತೆ ಅಳೆಯುವ ಸೀಸೆ) ತೂಗಿದ ಲೆಕ್ಕಕ್ಕೆ ಹೋಲಿಸಿದರೆ ಸಿಹಿಯಿಲ್ಲದ ವೈನಿಗೆ ಆಲ್ಕೋಹಾಲ್ ಶೇಕಡಾದಲ್ಲಿ ಹೆಚ್ಚೆಂದರೆ 0.3 ವ್ಯತ್ಯಾಸ, ಸಿಹಿಯದಕ್ಕೆ ಅರ್ಧದ ಆಸುಪಾಸು. ಕಡುಗೆಂಪು ವೈನ್ ತಂದು “ಇದರೊಳಗೆ ಬೆಳಕು ಹಾಯಲಿ ನೋಡೋಣ” ಅಂದವರೇ ಈಗ ಸರ್ಕ್ಯೂಟ್ ಕೇಳುತ್ತಿದ್ದಾರೆ. ಕೆನೆ ಬೆರೆತ ಪೇಯ ಮಾತ್ರ ಇನ್ನೂ ಬಗ್ಗಿಲ್ಲ, ಬೆಳಕನ್ನೆಲ್ಲ ಚೆದುರಿಸಿಬಿಡುತ್ತದೆ. ಬೆಳಕಿನ ದಾರಿ ಗಿಡ್ಡವಾಗಲಿ ಅಂತ 2 ಮಿಮೀ ಕ್ಯೂವೆಟ್ ಕೊಂಡಿದ್ದೇನೆ, ಡಬ್ಬಿ ಇನ್ನೂ ಬಿಚ್ಚಿಲ್ಲ.