ಹತ್ತು ಕಿ.ಮೀ. ಒಳಗೆ ಏನೇನಿದೆ? ಡೇಟಾಬೇಸ್‌ಗೆ ಕೇಳುವುದು ಹೀಗೆ

ಟೇಬಲ್‌ನಲ್ಲಿ ಒಂದು ಲಕ್ಷ ಜಾಗಗಳಿವೆ. ಪ್ರತಿಯೊಂದಕ್ಕೂ ಅಕ್ಷಾಂಶ, ರೇಖಾಂಶ ಇದೆ. ನಿಮಗೆ ಬೇಕಿರುವುದು ಒಂದು ಬಿಂದುವಿನಿಂದ 10 ಕಿ.ಮೀ. ಒಳಗಿನವು ಮಾತ್ರ. ಎಲ್ಲ ಸಾಲಿಗೂ ದೂರ ಅಳೆದು ನೋಡಿದರೆ ಆಯ್ತಲ್ವಾ? ಆಗುತ್ತದೆ, ಆದರೆ ಲಕ್ಷ ಸಲ ಸೈನ್, ಕೊಸೈನ್ ಲೆಕ್ಕ ಸುಮ್ನೆ ದಂಡ.

ಮೊದಲು ಒಂದು ಚೌಕ ಹಾಕಿ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಎಲ್ಲಿದ್ದರೂ ಸುಮಾರು 111 ಕಿ.ಮೀ. ಹಾಗಾಗಿ 10 ಕಿ.ಮೀ.ಗೆ 0.09 ಡಿಗ್ರಿ. ರೇಖಾಂಶದ ಕಥೆ ಬೇರೆ. ಧ್ರುವದ ಕಡೆಗೆ ಹೋದಂತೆ ಅದರ ಡಿಗ್ರಿ ಕಿರಿದಾಗುತ್ತದೆ, ಆದ್ದರಿಂದ 111ನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ನಿಮ್ಮ ಬಿಂದು 60 ಡಿಗ್ರಿ ಉತ್ತರ, 20 ಡಿಗ್ರಿ ಪೂರ್ವದಲ್ಲಿದೆ ಎನ್ನಿ. ಅಲ್ಲಿ ಕೊಸೈನ್ 0.5, ಒಂದು ಡಿಗ್ರಿ ಬರೀ 55 ಕಿ.ಮೀ. ಚಿಲ್ಲರೆ. ಅಂದರೆ 0.18 ಡಿಗ್ರಿ ಬೇಕು. ನಾನಂತೂ ಎರಡನ್ನೂ ಸ್ವಲ್ಪ ಹಿಗ್ಗಿಸಿ 0.1, 0.2 ಎಂದೇ ಇಡುತ್ತೇನೆ. ಈಗ ಅಕ್ಷಾಂಶ 59.9ರಿಂದ 60.1, ರೇಖಾಂಶ 19.8ರಿಂದ 20.2. ಇದನ್ನು 'ವೇರ್' ಷರತ್ತಿನಲ್ಲಿ 'ಬಿಟ್ವೀನ್' ಹಾಕಿ ಬರೆಯಿರಿ. ಹುಡುಕಾಟ ಬೇಗ ಆಗಲು ಎರಡೂ ಕಾಲಂ ಸೇರಿಸಿ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯ ಹಾಗೆ) ಮಾಡಿಡಿ.

ಚೌಕದ ಮೂಲೆಯಲ್ಲಿರುವ ಜಾಗ 15 ಕಿ.ಮೀ.ಗಿಂತಲೂ ದೂರ ಇರಬಹುದು. ಅದಕ್ಕೇ ಚೌಕದೊಳಗೆ ಸಿಕ್ಕ ಸಾಲುಗಳಿಗೆ ಮಾತ್ರ ಹ್ಯಾವರ್‌ಸೈನ್ ಸೂತ್ರ (ಗೋಳದ ಮೇಲಿನ ಎರಡು ಬಿಂದುಗಳ ದೂರ ಕೊಡುವ ಲೆಕ್ಕ) ಹಾಕಿ ನಿಜವಾದ ದೂರ ಅಳೆಯಿರಿ. ಭೂಮಿಯ ತ್ರಿಜ್ಯ 6,371 ಕಿ.ಮೀ. ಎಂದು ಹಿಡಿದರೆ ಸಾಕು. ಡಿಗ್ರಿಯನ್ನು ರೇಡಿಯನ್‌ಗೆ ಬದಲಾಯಿಸುವುದನ್ನು ಮರೆಯಬೇಡಿ.

ಮೈಎಸ್‌ಕ್ಯೂಎಲ್‌ನಲ್ಲಿ ಸೂತ್ರ ಬರೆಯುವ ಕೆಲಸವೂ ಇಲ್ಲ, 'ಎಸ್‌ಟಿ_ಡಿಸ್ಟೆನ್ಸ್_ಸ್ಫಿಯರ್' ಮೀಟರ್‌ನಲ್ಲಿ ದೂರ ಕೊಡುತ್ತದೆ. ಪೋಸ್ಟ್‌ಜಿಐಎಸ್ (ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಭೂಗೋಳದ ಲೆಕ್ಕ ಸೇರಿಸುವ ವಿಸ್ತರಣೆ) ಇದ್ದರೆ ಇನ್ನೂ ಸಲೀಸು. ಕಾಲಂ 'ಜಿಯಾಗ್ರಫಿ' ಮಾದರಿಯದಾಗಿರಲಿ, ಅದರ ಮೇಲೆ 'ಜಿಸ್ಟ್' ಇಂಡೆಕ್ಸ್ ಇರಲಿ. ಆಮೇಲೆ ಇಷ್ಟು ದೂರದೊಳಗಿದೆಯೇ ಎಂದು ನೋಡುವ 'ಎಸ್‌ಟಿ_ಡಿವಿದಿನ್'ಗೆ 10000 ಮೀಟರ್ ಕೊಡಿ, ಚೌಕದ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ. 'ಎಸ್‌ಟಿ_ಡಿಸ್ಟೆನ್ಸ್' 10000ಕ್ಕಿಂತ ಕಡಿಮೆಯೇ ಎಂದು ಕೇಳಿದರೂ ಉತ್ತರ ಸರಿಯಾಗಿಯೇ ಬರುತ್ತದೆ, ಆದರೆ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ.

ಒಂದು ಸಲ ನನಗೆ ಇಡೀ ಸಂಜೆ ಒಂದೇ ಒಂದು ಸಾಲೂ ಸಿಗಲಿಲ್ಲ. ಎರರ್ ಕೂಡ ಇಲ್ಲ. ನೋಡಿದರೆ ಪಾಯಿಂಟ್‌ನಲ್ಲಿ ಅಕ್ಷಾಂಶ ಮೊದಲು ಬರೆದಿದ್ದೆ! ಈ ಫಂಕ್ಷನ್‌ಗಳಿಗೆ ರೇಖಾಂಶ ಮೊದಲು, 20 ಆಮೇಲೆ 60.

ಚೌಕವನ್ನು ನೀವೇ ಹಾಕುವುದಾದರೆ 180 ಡಿಗ್ರಿ ರೇಖೆಯ ಹತ್ತಿರ ಹುಷಾರು. ಅಲ್ಲಿ 179.9 ಆದ ಮೇಲೆ ಮೈನಸ್ 179.9 ಬರುತ್ತದೆ. ಒಂದೇ 'ಬಿಟ್ವೀನ್' ಸಾಲದು, ರೇಖೆಯ ಆಚೆಗೊಂದು, ಈಚೆಗೊಂದು ಬರೆದು ನಡುವೆ 'ಆರ್' ಹಾಕಿ.